ಕೊಟ್ಟಿಗೆ ಮನೆಯಾದ ಕಥೆ

ಆಲೂರು ತಾಲ್ಲೂಕಿನ ಒಂದು ಊರಿನಲ್ಲಿ ಅಣ್ಣತಮ್ಮಂದಿರ ಪಾಲಾಯಿತು. ಊರವರ ಬಾಯಲ್ಲಿ ಅಣ್ಣ ದೊಡ್ಡಗೌಡರು, ತಮ್ಮ ಚಿಕ್ಕಗೌಡರು. ಗದ್ದೆ, ತೋಟ ಅಳೆದು ಹಂಚುವುದು ಕಷ್ಟವಾಗಲಿಲ್ಲ. ಆದರೆ ಮನೆ ಒಂದೇ. ಅದು ಚಿಕ್ಕಗೌಡರಿಗೆ ಹೋಯಿತು. ಹಿತ್ತಲಿನ ಕೊಟ್ಟಿಗೆ ಮತ್ತು ಅದರ ಸುತ್ತಲಿನ ಜಾಗ ದೊಡ್ಡಗೌಡರಿಗೆ ಬಂತು. ಎರಡು ವರ್ಷದೊಳಗೆ ಅವರು ಹಳೆಯ ಮನೆ ಬಿಡಬೇಕೆಂದು ಮಾತಾಯಿತು. ಹಾಲು ಕರೆಯುವ ಹಸುವೂ ತಮ್ಮನ ಪಾಲಿಗೆ ಹೋಯಿತು. ಅಂದಿನಿಂದ ಇಬ್ಬರೂ ಎದುರು ಸಿಕ್ಕರೆ ಮುಖ ತಿರುಗಿಸತೊಡಗಿದರು.

ದೊಡ್ಡಗೌಡರ ಮನೆಯವರು ಆ ರಾತ್ರಿ ಊಟಕ್ಕೆ ಏಳಲಿಲ್ಲ. “ದನ ಕಟ್ಟಿದ ಜಾಗದಲ್ಲಿ ಮನುಷ್ಯರು ಮಲಗೋದಾ? ನಾಳೆ ಬೀಗರು ಬಂದ್ರೆ ಎಲ್ಲಿ ಕೂರಿಸ್ತೀರ?” ಎಂದರು.

“ಬೇರೆಯವರ ಗೃಹಪ್ರವೇಶದಲ್ಲಿ ಹಸು ಒಂದು ಗಳಿಗೆ ಒಳಗೆ ಬಂದು ಹೋಗುತ್ತೆ. ನಮ್ಮದರಲ್ಲಿ ಅರವತ್ತು ವರ್ಷ ಇದ್ದು ಹೋಗಿದೆ ಕಣೆ” ಎಂದರು ಗೌಡರು. ಆಕೆ ನಗಲಿಲ್ಲ.

ಕೈಯಲ್ಲಿದ್ದದ್ದು ಶುಂಠಿ ಬೆಳೆದು ಉಳಿಸಿದ್ದ ಮೂರೂವರೆ ಲಕ್ಷ ರೂಪಾಯಿ. ಹೊಸ ಮನೆಯ ಮಾತೇ ಇಲ್ಲ. ಕೊಟ್ಟಿಗೆಯನ್ನು ನಾಲ್ಕು ಸುತ್ತು ಸುತ್ತಿ ನೋಡಿದ ಮೇಲೆ ಅವರಿಗೆ ಧೈರ್ಯ ಬಂತು. ಹಲಸಿನ ಕಂಬಗಳು ಗಟ್ಟಿಯಾಗಿದ್ದವು. ಗೋಡೆ ಸೊಂಟದವರೆಗೆ ಕಲ್ಲು, ಮೇಲೆ ಹಸಿ ಇಟ್ಟಿಗೆ. ಸೂರಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹೂಡಿದ ಮೇಲೆ ಘಟ್ಟ ಹತ್ತಿ ಬಂದ ಈ ಹೆಂಚಿಗೆ ಬಡವರಿಗೆ ಒಗ್ಗುವ ಒಂದು ಗುಣವಿದೆ. ಒಡೆದದ್ದನ್ನಷ್ಟೇ ತೆಗೆದು ಬೇರೆ ಹಾಕಿದರೆ ಸಾಕು, ಸೂರು ಹೊಸದಾಗುತ್ತದೆ. ನಡುನಡುವೆ ನಾಲ್ಕು ಗಾಜಿನ ಹೆಂಚು ಸೇರಿಸಿದ್ದರಿಂದ ಕತ್ತಲೆಯೂ ಹೋಯಿತು.

ಅಡ್ಡಗೋಡೆಗಳಿಗೆ ಸುಟ್ಟ ಇಟ್ಟಿಗೆ ಕೊಳ್ಳಲಿಲ್ಲ. ಮಣ್ಣಿಗೆ ನೂರಕ್ಕೆ ಏಳು ಪಾಲಿನಷ್ಟು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ ಹಾಕಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಬಹಳ ಕಾಲ ದುಡಿದು ಹದಕ್ಕೆ ತಂದ ವಿಧಾನ ಅದು. ಸುಡುವ ಕೆಲಸವಿಲ್ಲ, ಆದ್ದರಿಂದ ಸೌದೆಯ ಖರ್ಚೂ ಇಲ್ಲ. ಗಂಜಲ ಕುಡಿದಿದ್ದ ನೆಲವನ್ನು ಒಂದಡಿ ಅಗೆದು ತೆಗೆದು, ಹೊಸ ಮಣ್ಣು ತುಂಬಿ, ಹಳೆಯ ಚಪ್ಪಡಿಗಳನ್ನೇ ತೊಳೆದು ಹಾಸಿದರು. ಕೊನೆಗೆ ಮೇಸ್ತ್ರಿಯ ಮಾತು ಕೇಳಿ ಗೋಡೆಯ ಕೆಳಭಾಗಕ್ಕೆ ಗಟ್ಟಿಯಾಗಿ ಸಿಮೆಂಟ್ ಗಾರೆ ಮಾಡಿಸಿದರು. ಎಡವಿದ್ದು ಅಲ್ಲೇ.

ಜೂನ್ ಮಳೆ ಹಿಡಿಯಿತು. ಸೂರು ಒಂದು ಹನಿಯನ್ನೂ ಬಿಡಲಿಲ್ಲ, ಆದರೆ ಗೋಡೆ ಬೆವರತೊಡಗಿತು. ಗಾರೆ ಉಬ್ಬಿ ಹಪ್ಪಳದಂತೆ ಎದ್ದಿತು. ನಾಲ್ಕು ದಿನ ಹೊಳವಾದರೆ ಅಲ್ಲಿ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಉಪ್ಪು. “ಹೇಳಲಿಲ್ವಾ ನಾನು? ಎಷ್ಟು ಬಳಿದರೂ ಕೊಟ್ಟಿಗೆ ಕೊಟ್ಟಿಗೇನೇ” ಎಂದರು ಮನೆಯವರು. ಅಷ್ಟರಲ್ಲಿ ಕೊಟ್ಟ ಗಡುವಿನಲ್ಲಿ ಒಂದು ವರ್ಷ ಮುಗಿಯುತ್ತ ಬಂದಿತ್ತು.

ಇದು ಯಾರ ಶಾಪವೂ ಅಲ್ಲ, ಶುದ್ಧ ರಸಾಯನಶಾಸ್ತ್ರ. ಗಂಜಲದಲ್ಲಿರುವ ಯೂರಿಯಾ ಕೊಳೆತು ಅಮೋನಿಯಾ ಆಗುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಹಿಂದೆ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣಿನಿಂದಲೇ ತೆಗೆಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಬಿಹಾರದಿಂದ ಹಡಗುಗಟ್ಟಲೆ ಸಾಗಿಸಿದ್ದು ಇದನ್ನೇ. ಗೋಡೆಯ ಸುಣ್ಣದಂಶದೊಡನೆ ಸೇರಿದ ನೈಟ್ರೇಟಂತೂ ಗಾಳಿಯ ತೇವಾಂಶ ನೂರಕ್ಕೆ ಐವತ್ತು ದಾಟಿದರೆ ಸಾಕು, ನೀರು ಹೀರಿ ತಾನೇ ಕರಗುತ್ತದೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ತೇವಕ್ಕೇನು ಬರ? ಒಣಗಿದಾಗ ಮತ್ತೆ ಹರಳುಗಟ್ಟಿ ಹಿಗ್ಗುತ್ತದೆ. ಸಿಮೆಂಟ್ ಉಸಿರಾಡಲು ಬಿಡದ್ದರಿಂದ ಒಳಗಿನಿಂದಲೇ ಒದೆಯುತ್ತದೆ.

ಮದ್ದೂ ಅಷ್ಟೇ ಸರಳ, ತಾಳ್ಮೆ ಬೇಕು. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಗೌಡರು ಗಾರೆಯನ್ನೆಲ್ಲ ಉದುರಿಸಿ, ಜೇಡಿಮಣ್ಣು ಮರಳು ಕಲಸಿದ ಹಸಿ ಲೇಪವನ್ನು ಕಲ್ಲಿಗೆ ಮೆತ್ತಿದರು. ಲೇಪದ ನೀರು ಗೋಡೆಯೊಳಗೆ ಇಳಿದು ಉಪ್ಪನ್ನು ಕರಗಿಸಿತು. ಒಣಗುವಾಗ ಉಪ್ಪು ನೀರಿನ ಜೊತೆ ಲೇಪಕ್ಕೆ ಬಂತು. ಕೆರೆದು ತೆಂಗಿನ ಬುಡಕ್ಕೆ ಹಾಕಿದರು, ನೈಟ್ರೇಟ್ ಎಂದರೆ ಗೊಬ್ಬರವೇ ತಾನೆ? ಹೀಗೆ ಮೂರು ಸಲ. ಆಮೇಲೆ ಒಂದಕ್ಕೆ ಮೂರು ಪಾಲು ಮರಳಿನ ಸುಣ್ಣದ ಗಾರೆ. ಮೂರನೆಯ ಲೇಪಕ್ಕೆ ಮನೆಯವರೂ ಸೆರಗು ಸಿಕ್ಕಿಸಿ ನಿಂತಿದ್ದರು.

ಮಳೆಗೆ ಮುಂಚೆ ಗೃಹಪ್ರವೇಶವೆಂದು ನಿಶ್ಚಯವಾಯಿತು. ಪುರೋಹಿತರು ಹಸು ಬೇಕೆಂದರು. ಹಸು ಇದ್ದದ್ದು ತಮ್ಮನ ಮನೆಯಲ್ಲಿ. ದೊಡ್ಡಗೌಡರು ಎರಡು ದಿನ ಯೋಚಿಸಿ, ಮೂರನೆಯ ದಿನ ಹೋಗಿ ಹಳೆಯ ಮನೆಯ ಜಗುಲಿಯ ಕೆಳಗೆ ನಿಂತರು. “ಮೇಲೆ ಬಾ ಅಣ್ಣ” ಎಂದರು ಚಿಕ್ಕಗೌಡರು. ಅದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ.

ಮರುದಿನ ಬೆಳಿಗ್ಗೆ ಹಸುವಿಗೆ ಅರಿಶಿನ ಕುಂಕುಮ ಹಚ್ಚಿ ತಮ್ಮನೇ ಹಿಡಿದು ತಂದರು. ಹೊಸಿಲು ದಾಟಿದ್ದೇ ಅದು ಯಾರ ಕೈಗೂ ಸಿಗದೆ ನೇರ ನಡುಮನೆಯ ಮೂಲೆಗೆ ಹೋಗಿ ನಿಂತಿತು. ಎರಡು ವರ್ಷದ ಹಿಂದೆ ಅದನ್ನು ಕಟ್ಟುತ್ತಿದ್ದ ಗೊಂತು ಅಲ್ಲೇ ಇತ್ತು. ಪೂಜೆ ಮುಗಿದರೂ ಹಸು ಹೊರಡಲೊಲ್ಲದು. ಕೊನೆಗೆ ಅಣ್ಣ ಮುಂದಿನಿಂದ ಹಗ್ಗ ಎಳೆದು, ತಮ್ಮ ಹಿಂದಿನಿಂದ ದೂಡಿ, ಇಬ್ಬರೂ ಸೇರಿ ಅದನ್ನು ಹೊರಗೆ ಕರೆತರಬೇಕಾಯಿತು.