ವೈದ್ಯನ ಕಲಿಕೆಯೂ ಅಚೌರ್ಯಾಣುವ್ರತವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವೈದ್ಯರು ಹೊಸ ವಿದ್ಯೆಯನ್ನರಸಿ ವೈದ್ಯಕೀಯ ಕಾಲೇಜುಗಳಿರುವ ವಿಜಯಪುರಕ್ಕೆ ಹೋಗಬೇಕಾದರೆ ಸುಮಾರು ನಲವತ್ತರಿಂದ ಎಂಬತ್ತು ಕಿಲೋಮೀಟರ್ ಪ್ರಯಾಣ. ಆ ದಿನದ ರೋಗಿಗಳು ಬಾಗಿಲಲ್ಲಿ ಕಾಯಬೇಕು. 2020ರ ಕೋವಿಡ್ ಕಾಲದಿಂದೀಚೆಗೆ ಅಂತರಜಾಲದ ಮೂಲಕ ನಡೆಯುವ ಪಾಠಗಳು ಹೆಚ್ಚಿ ಈ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಏರು ರಕ್ತದೊತ್ತಡದ ವಿಷಯದಲ್ಲಿ ಇದು ದೊಡ್ಡ ಉಪಕಾರವೇ ಸರಿ. ಆ ರೋಗವು ನೋವನ್ನು ತೋರದೆ ವರ್ಷಗಟ್ಟಲೆ ಒಳಗಿದ್ದು, ಒಂದು ದಿನ ಜನರು ಲಕ್ವ ಎನ್ನುವ ಪಾರ್ಶ್ವವಾಯುವಾಗಿ ಹೊರಬೀಳುತ್ತದೆ.

ವೈದ್ಯನು 5 ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರ ನಿಯಮಾವಳಿಯಲ್ಲಿ ವಿಧಿಸಿತು. ಆದರೆ ಪರದೆಯ ಮೇಲೆ ಪಾಠ ತಾನೇ ಓಡುತ್ತಿರಲು ಬಿಟ್ಟು, ಬೇರೆ ಕೆಲಸದಲ್ಲಿ ತೊಡಗಿ, ಕೊನೆಗೆ ಪ್ರಮಾಣಪತ್ರವನ್ನು ಮಾತ್ರ ಇಳಿಸಿಕೊಳ್ಳುವುದು ಕಠಿಣವೇನಲ್ಲ. ಶ್ರಾವಕನಾದ ವೈದ್ಯನು ಇದನ್ನು ಸಣ್ಣ ಅನುಕೂಲವೆಂದು ತಳ್ಳಿಹಾಕಲಾರನು. ಕೇಳದ ಪಾಠದ ಗಂಟೆಯನ್ನು ತನ್ನದೆಂದು ಬರೆಸಿಕೊಳ್ಳುವುದು ತನಗೆ ಸಲ್ಲದುದನ್ನು ತೆಗೆದುಕೊಂಡಂತೆ. ನಷ್ಟವಾಗುವುದು ಪರಿಷತ್ತಿಗಲ್ಲ, ಆ ಪತ್ರವನ್ನು ಎಂದೂ ನೋಡದ ರೋಗಿಗೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯದ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವನ್ನೂ ಎಣಿಸುತ್ತದೆ. ತೂಕ, ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದೆಂದು ಇದರ ಅರ್ಥ. ಅಂಗಡಿಯ ತಕ್ಕಡಿಗೆ ಇದನ್ನು ಅನ್ವಯಿಸಿ ನಮ್ಮ ಹಿರಿಯರು ಬಾಳಿದರು. ಬಿ.ಪಿ. ನೋಡುವ ಉಪಕರಣವೂ ಒಂದು ತಕ್ಕಡಿಯೇ. ರೋಗಿಯು ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಬೆನ್ನಿಗೆ ಆಸರೆ, ನೆಲದ ಮೇಲೆ ಪಾದ, ಎದೆಯ ಮಟ್ಟದಲ್ಲಿ ತೋಳು ಇರಬೇಕು, ಮಾತು ಕೂಡದು. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಅಂಕಿ ಹುಸಿಯಾಗಿ ಏರುತ್ತದೆ. ಒಂದೇ ಸಲದ ಅಳತೆಯಿಂದ ಸಾಮಾನ್ಯವಾಗಿ ತೀರ್ಮಾನಿಸಬಾರದು. ಇವು ಹಳೆಯ ಪಾಠಗಳೇ. ದಟ್ಟಣೆಯ ಹೊತ್ತಿನಲ್ಲಿ ಮೊದಲು ಕೈಬಿಡುವುವೂ ಇವೇ. 140/90ರ ಗಡಿಯ ಆಚೆ ಈಚೆ ತಪ್ಪಾಗಿ ಬರೆದ ಅಂಕಿಯಿಂದ ಒಬ್ಬನು ಬೇಡದ ಮಾತ್ರೆಯನ್ನು ಜೀವನಪೂರ್ತಿ ನುಂಗಬಹುದು, ಇನ್ನೊಬ್ಬನು ಬೇಕಾದುದನ್ನು ಪಡೆಯದೆ ಹೋಗಬಹುದು.

ಬಸದಿಯ ಆವರಣದಲ್ಲಿ ಉಚಿತ ತಪಾಸಣೆ ಏರ್ಪಡಿಸುವ ಟ್ರಸ್ಟುಗಳೂ ಇದನ್ನು ಗಮನಿಸಬೇಕು. ಮೆಟ್ಟಿಲೇರಿ ಬಂದವರನ್ನು ಸಾಲಿನಲ್ಲಿ ನಿಲ್ಲಿಸಿ, ಗದ್ದಲದ ನಡುವೆ ನೂರಾರು ಜನರ ಅಳತೆ ತೆಗೆದೆವೆಂದು ವರದಿ ಬರೆಯುವುದಕ್ಕಿಂತ, ಬೆನ್ನೊರಗುವ ನಾಲ್ಕು ಕುರ್ಚಿ ಹಾಕಿ ಐವತ್ತು ಜನರನ್ನು ನೋಡುವುದು ಮೇಲು.

ಪಾಠದ ಖರ್ಚನ್ನು ಔಷಧ ಕಂಪನಿ ಭರಿಸುವುದೂ ಉಂಟು. ಅಂಥ ಪ್ರಾಯೋಜನೆಯನ್ನು ನಿಷೇಧಿಸುವ ನಿಯಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್‌ನಲ್ಲಿ ಹೊರಡಿಸಿ, ಅದೇ ತಿಂಗಳು ತಡೆಹಿಡಿಯಿತು. ನಿಯಮವಿರಲಿ ಬಿಡಲಿ, ಹಣ ಕೊಟ್ಟವರಾರೆಂದು ಕೇಳಿ ತಿಳಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಯಾವ ಪಾಠದಲ್ಲೂ ಸುಲಭವಾಗಿ ಸಿಗದ ಒಂದು ವಿಷಯ ನಮ್ಮ ಮನೆಗಳದು. ಭಾದ್ರಪದ ಶುದ್ಧ ಪಂಚಮಿಯಿಂದ ದಶಲಕ್ಷಣ ಪರ್ವ ಬಂತೆಂದರೆ ಹಲವು ಹಿರಿಯರು ವೈದ್ಯರಿಗೆ ತಿಳಿಸದೆ ಮಾತ್ರೆ ನಿಲ್ಲಿಸುತ್ತಾರೆ. ಅಟೆನೊಲಾಲ್‌ನಂಥ ಔಷಧವನ್ನು ಥಟ್ಟನೆ ಬಿಡುವುದು ಹೃದ್ರೋಗಿಗೆ ಅಪಾಯಕರ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ನೀರನ್ನು ತ್ಯಜಿಸಿದರೆ ಎದ್ದು ನಿಂತಾಗ ಒತ್ತಡ ಕುಸಿದು ಕಣ್ಣು ಕತ್ತಲಿಟ್ಟು ಬೀಳಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೂ, ಕೆಳಗಿನದು 10 ಇಳಿದರೂ ಅದನ್ನು ದೋಷವೆಂದೇ ಎಣಿಸುತ್ತಾರೆ. ವೈದ್ಯರು ವ್ರತದ ಬಗೆಯನ್ನು ಕೇಳಬೇಕು, ಮನೆಯವರು ಮರೆಮಾಚದೆ ಹೇಳಬೇಕು. ದಿನಕ್ಕೊಂದೇ ಸಲ ಸೇವಿಸುವ ಮಾತ್ರೆಗಳು ಈಗ ಹಲವಿವೆ. ಏಕಭುಕ್ತದವರು ಅಂಥದನ್ನು ಆ ಒಂದು ಊಟದ ಹೊತ್ತಿಗೇ ಹೊಂದಿಸಿಕೊಳ್ಳಬಹುದೇ ಎಂದು ವಿಚಾರಿಸಬಹುದು. ನಿರಾಹಾರ ಉಪವಾಸಕ್ಕಾದರೆ ಪಂಚಮಿಗೆ ಒಂದೆರಡು ವಾರ ಮುಂಚೆಯೇ ಮಾತ್ರೆಯ ಚೀಟಿ ಹಿಡಿದು ವೈದ್ಯರ ಬಳಿಗೆ ಹೋಗಬೇಕು.