ಹರದನಹಳ್ಳಿಯ ಜಗಲಿಯಲ್ಲೊಂದು ಚಿತ್ರಪಾಠ

ಹರದನಹಳ್ಳಿಯೆಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಚಾಮರಾಜನಗರದ ಸಮೀಪದ ಊರು, ತೋಂಟದ ಸಿದ್ಧಲಿಂಗ ಯತಿಗಳ ಹೆಸರಿನೊಡನೆ ಬೆಸೆದುಕೊಂಡಿರುವ ಆ ಪುಣ್ಯಸ್ಥಳ ನೆನಪಿಗೆ ಬರುವುದು ಸಹಜ. ನಾನೀಗ ಬರೆಯಹೊರಟಿರುವುದು ಅದನ್ನು ಕುರಿತಲ್ಲ. ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿಗೆ ಸೇರಿದ ಹರದನಹಳ್ಳಿಯನ್ನು ಕುರಿತು. ‘ಹರದ’ನೆಂದರೆ ಹಳೆಯ ಕನ್ನಡದಲ್ಲಿ ವರ್ತಕ, ‘ಪರದ’ ಎಂಬುದು ಅದರ ಪೂರ್ವರೂಪ. ವರ್ತಕನ ಹಳ್ಳಿಯೆಂಬ ಹೆಸರು ಒಂದಕ್ಕಿಂತ ಹೆಚ್ಚು ಊರುಗಳಿಗೆ ಸಂದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪರಿಚಿತರೊಬ್ಬರ ಮನೆಯ ಶುಭಕಾರ್ಯದ ನಿಮಿತ್ತ ಅಲ್ಲಿಗೆ ಹೋಗಬೇಕಾಗಿತ್ತು. ಹಾಸನದಿಂದ ಬೆಳಗಿನಲ್ಲೇ ಹೊರಟವನು ದಾರಿಯಲ್ಲಿ ಮೊಸಳೆ ಗ್ರಾಮದಲ್ಲಿ ಇಳಿದೆ. ಅಲ್ಲಿ ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ದೇವಾಲಯಗಳು ಕೆಲವೇ ಅಡಿಗಳ ಅಂತರದಲ್ಲಿ ಅವಳಿ ಮಕ್ಕಳಂತೆ ನಿಂತಿವೆ. ಒಂದು ಶಿವನದು, ಇನ್ನೊಂದು ವಿಷ್ಣುವಿನದು. ಒಂದನ್ನು ಸುತ್ತಿ ಬಂದು ಮತ್ತೊಂದರ ಮುಂದೆ ನಿಂತರೆ, ನೋಡಿದ್ದನ್ನೇ ಮತ್ತೆ ನೋಡುತ್ತಿದ್ದೇನೆಯೇ ಎಂದು ಕಣ್ಣು ತಬ್ಬಿಬ್ಬಾಗುತ್ತದೆ. ಎರಡು ಕಟ್ಟಡಗಳು ಹೀಗೆ ಒಂದನ್ನೊಂದು ಹೋಲಬೇಕಾದರೆ ಉಳಿ ಹಿಡಿಯುವ ಮೊದಲು ಯಾರೋ ಅಳತೆಯ ಗೆರೆ ಎಳೆದಿರಲೇಬೇಕು. ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಗೆರೆ ಬಲ್ಲವನು ತನ್ನ ಹೆಸರನ್ನು ದೇವರ ಪಾದದ ಕೆಳಗೆ ಬರೆದುಕೊಳ್ಳುವಷ್ಟು ಮಾನ ಪಡೆದಿದ್ದ ನಾಡು ಇದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಬಸ್ಸು ಹತ್ತಿದೆ.

ಹರದನಹಳ್ಳಿ ಚಿಕ್ಕ ಊರು. ಲೋಕಕ್ಕೆ ಅದರ ಪರಿಚಯ ಆದದ್ದು ಶ್ರೀ ಎಚ್.ಡಿ. ದೇವೇಗೌಡರಿಂದ, 1933ರಲ್ಲಿ ಇಲ್ಲಿ ಜನಿಸಿ 1996ರಲ್ಲಿ ದೇಶದ ಪ್ರಧಾನಿಯಾದವರು. ಅವರ ಹೆಸರಿನ ಮೊದಲಕ್ಷರವೇ ಈ ಊರು. ರಾಜಕಾರಣದ ವಿಚಾರ ನಮಗಿಲ್ಲಿ ಬೇಡ. ನನ್ನ ಗಮನ ಹೋದದ್ದು ಅವರ ವಿದ್ಯಾಭ್ಯಾಸದ ಕಡೆಗೆ. ಹಾಸನದ ಎಲ್.ವಿ. ಪಾಲಿಟೆಕ್ನಿಕ್ಕಿನಲ್ಲಿ ಅವರು ಓದಿದ್ದು ಸಿವಿಲ್ ಡಿಪ್ಲೊಮಾ. ನಕ್ಷೆ ಬರೆಯಲು ಬಾರದವನಿಗೆ, ಮೇಲಿನಿಂದ ಕಂಡಂತೆ ಮತ್ತು ಎದುರಿನಿಂದ ಕಂಡಂತೆ ಒಂದೇ ಕಟ್ಟಡವನ್ನು ಎರಡು ಬಗೆಯಾಗಿ ಕಾಣಲಾರದವನಿಗೆ ಆ ವಿದ್ಯೆ ಒಲಿಯುವುದಿಲ್ಲ.

ಊಟಕ್ಕೆ ಇನ್ನೂ ಹೊತ್ತಿತ್ತು. ಪಕ್ಕದ ಮನೆಯ ಜಗಲಿಯ ಮೇಲೆ ಹದಿನಾಲ್ಕು ಹದಿನೈದರ ಹುಡುಗಿಯೊಬ್ಬಳು ಒಂದು ಹಿತ್ತಾಳೆಯ ಚೊಂಬು, ಒಂದು ಮೊರ, ಎರಡು ಬದನೆಕಾಯಿ ಇಟ್ಟುಕೊಂಡು ಮೊಣಕಾಲ ಮೇಲಿನ ರಟ್ಟಿನ ಹಾಳೆಯಲ್ಲಿ ಬರೆಯುತ್ತಿದ್ದಳು. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಅಭ್ಯಾಸವಂತೆ. ಎಸ್‌ಎಸ್‌ಎಲ್‌ಸಿ ನಡೆಸುವ ಮಂಡಲಿಯೇ ನಡೆಸುವ ಪರೀಕ್ಷೆ ಅದು. ವಸ್ತುಚಿತ್ರ, ವಿನ್ಯಾಸ, ರೇಖಾಗಣಿತ, ನೆನಪಿನಿಂದ ಬರೆಯುವ ಚಿತ್ರ ಎಂದು ಅವಳು ಬೆರಳು ಮಡಿಸಿ ಎಣಿಸಿದಳು. ನಾನು ಹಿರಿತನದ ಗತ್ತಿನಲ್ಲಿ ಹಾಳೆಯನ್ನು ನೋಡಿ, “ಚೊಂಬಿನ ಬಾಯಿ ಗುಂಡಗಿರಬೇಕಲ್ಲವೇನಮ್ಮ, ನೀನು ಚಪ್ಪಟೆ ಮಾಡಿದ್ದೀಯಲ್ಲ” ಎಂದೆ. ಅವಳು ನಕ್ಕು, “ತಾತ, ನೀವು ನಿಂತಿದ್ದೀರಿ. ನಾನು ಕೂತಿರೋ ಕಡೆ ಕೂತು ನೋಡಿ” ಎಂದಳು. ಕುಳಿತು ನೋಡಿದೆ. ನಿಂತಾಗ ಅಗಲವಾಗಿ ತೆರೆದಿದ್ದ ಬಾಯಿ, ತಲೆ ತಗ್ಗಿಸಿದಂತೆಲ್ಲ ಕಿರಿದಾಗುತ್ತ, ಕಣ್ಣಿನ ಮಟ್ಟಕ್ಕೆ ಬಂದಾಗ ಬರಿಯ ಒಂದು ಗೆರೆಯಾಗಿಬಿಟ್ಟಿತು! ಅರುವತ್ತು ದಾಟಿದ ನಾನು ಲೆಕ್ಕವಿಲ್ಲದಷ್ಟು ಬಾರಿ ಚೊಂಬಿನಿಂದ ನೀರು ಕುಡಿದಿದ್ದೇನೆ. ಒಮ್ಮೆಯೂ ಅದನ್ನು ನೋಡಿರಲಿಲ್ಲ. ನನಗೆ ತಿಳಿದದ್ದು ಚೊಂಬಿನ ಬಾಯಿ ದುಂಡೆಂಬುದು. ಅವಳು ಬರೆದದ್ದು ಕಂಡದ್ದನ್ನು. ತಿಳಿದದ್ದಕ್ಕೂ ಕಂಡದ್ದಕ್ಕೂ ನಡುವಿನ ಅಂತರವನ್ನು ವಿವರಿಸಲು ನಮ್ಮ ತರ್ಕಶಾಸ್ತ್ರದ ಗುರುಗಳು ದಿನಗಟ್ಟಲೆ ಶ್ರಮಿಸುತ್ತಿದ್ದರು.

ಬಾಗಿಲ ಮುಂದೆ ಅವಳ ಅಜ್ಜಿ ಬೆಳಿಗ್ಗೆ ಬಿಟ್ಟ ರಂಗೋಲಿ ಇನ್ನೂ ಅಳಿಸಿರಲಿಲ್ಲ. “ಹದಿನೈದರಿಂದ ಎಂಟು, ಸಂದು ಚುಕ್ಕಿ” ಎಂದರು ಆ ತಾಯಿ. ನಡುವಿನ ಸಾಲಿನಲ್ಲಿ 15 ಚುಕ್ಕಿ. ಮೇಲಕ್ಕೂ ಕೆಳಕ್ಕೂ ಸಾಲಿಗೊಂದರಂತೆ ಕಡಿಮೆಯಾಗಿ ಕೊನೆಗೆ 8. ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ. ಒಟ್ಟು 169 ಚುಕ್ಕಿಗಳು ಸೇರಿ ತಾನಾಗಿಯೇ ಆರು ಮೂಲೆಯ ಆಕೃತಿ ಮೂಡುತ್ತದೆ. ಕೈವಾರವಿಲ್ಲ, ಅಳತೆಪಟ್ಟಿಯಿಲ್ಲ, ಕೈಬೆರಳ ಸಂದಿಯಿಂದ ಇಳಿಯುವ ಪುಡಿಯೇ ಎಲ್ಲ. ಮೊಮ್ಮಗಳ ವಿನ್ಯಾಸದ ಪತ್ರಿಕೆಯಲ್ಲಿ ಕೇಳುವುದೂ ಇದನ್ನೇ: ಕೊಟ್ಟ ಚೌಕವನ್ನೋ ವೃತ್ತವನ್ನೋ ಸಮಭಾಗ ಮಾಡಿ, ಹೂ ಎಲೆಗಳನ್ನು ಲಯಬದ್ಧವಾಗಿ ಕೂಡಿಸುವುದು. ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ತಿರುಗಿಸಿಟ್ಟರೆ ಎಂಟು ಮೂಲೆಯ ನಕ್ಷತ್ರ. ನಾಲ್ಕು ಚೌಕಗಳನ್ನು ಸಮನಾಗಿ ತಿರುಗಿಸಿದರೆ ಹದಿನಾರು ಮೂಲೆ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ತಳಪಾಯವನ್ನು ಕಂಡವರಿಗೆ ಈ ಲೆಕ್ಕ ಕಲ್ಲಿನಲ್ಲೇ ಕಾಣುತ್ತದೆ. ಅಜ್ಜಿಯ ಅಂಗಳಕ್ಕೂ ಆ ದೇವಾಲಯಕ್ಕೂ ಹುಡುಗಿಯ ಹಾಳೆಗೂ ನಂಟಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೇಳುವವರಾದರೂ ಯಾರು? ಅವಳು ಓದುವ ಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಕರಿಲ್ಲವಂತೆ. ಹಿರಿಯ ವಿದ್ಯಾರ್ಥಿನಿಯೊಬ್ಬಳ ಹಳೆಯ ಪ್ರಶ್ನೆಪತ್ರಿಕೆಗಳೇ ಅವಳ ಗುರು. ಇದು ಒಂದು ಶಾಲೆಯ ಕಥೆಯಲ್ಲ. ನಮ್ಮ ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಚಿತ್ರಕ್ಕೆಂದು ಒಂದು ಅಂಕವೂ ಇಲ್ಲ. ಅಂಕವಿಲ್ಲದ್ದಕ್ಕೆ ಅವಧಿ ಉಳಿಯುವುದಿಲ್ಲ. ಪರೀಕ್ಷೆ ಹತ್ತಿರ ಬಂದಂತೆ ಗಣಿತದವರೋ ವಿಜ್ಞಾನದವರೋ ಅದನ್ನು ಕೇಳಿ ಪಡೆಯುತ್ತಾರೆ. ಕಲೆಗಳು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನ ಜೊತೆಗೆ ಬಂದ ವರದಿ ಹೇಳಿತು. ಹಳ್ಳಿಯ ವೇಳಾಪಟ್ಟಿಯನ್ನು ಆ ಮಾತು ಇನ್ನೂ ತಲುಪಬೇಕಾಗಿದೆ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ವೇದಿಕೆಗಳಲ್ಲಿ ನುಡಿಯುವ ನಾವೂ ಮಕ್ಕಳ ಓದಿನ ವಿಚಾರ ಬಂದಾಗ ಮೇಲುಕೀಳಿನ ಪಟ್ಟಿಯನ್ನೇ ಹಿಡಿದು ಕೂರುತ್ತೇವೆ.

ಈ ಮಾತನ್ನು ಇನ್ನೊಬ್ಬರಿಗೆ ಹೇಳುವ ಮೊದಲು ನನ್ನದನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ ನಾನು ಸಂಸ್ಕೃತ ಪಾಠ ಹೇಳುತ್ತಿದ್ದ ಕಡೆ ಒಬ್ಬ ಹುಡುಗನಿದ್ದ. ಶಬ್ದರೂಪಗಳ ಪುಸ್ತಕದ ಅಂಚಿನಲ್ಲೆಲ್ಲ ಎತ್ತು, ಗಾಡಿ, ಪ್ರಸಾದನಿಲಯದ ಅಡಿಗೆಯವರು, ಒಮ್ಮೆ ನಾನೂ! ನನ್ನ ಮೂಗು ಬಹಳ ಚೆನ್ನಾಗಿ ಬಂದಿತ್ತೆಂಬುದೇ ನನ್ನ ಕೋಪಕ್ಕೆ ಕಾರಣವಾಗಿದ್ದಿರಬಹುದು. ಪುಸ್ತಕ ಕಿತ್ತುಕೊಂಡು, ಅವನ ತಂದೆಯನ್ನು ಕರೆಸಿ, ಈ ಚಟ ಬಿಡಿಸಿರೆಂದು ಬುದ್ಧಿ ಹೇಳಿದೆ. ತಂದೆ ಬಿಡಿಸಿದರು. ಅನಂತರ ಆತ ಒಳ್ಳೆಯ ನೌಕರಿಯಲ್ಲಿದ್ದಾಗ ಒಂದು ಮದುವೆಯಲ್ಲಿ ಕಾಲಿಗೆ ನಮಸ್ಕರಿಸಿದ. ಈಗಲೂ ಚಿತ್ರ ಬರೆಯುತ್ತೀಯೇನಪ್ಪ ಎಂದು ಕೇಳಿದೆ. “ಇಲ್ಲ ಗುರುಗಳೇ, ಆಗಲೇ ಬಿಟ್ಟೆ” ಎಂದು ವಿನಯದಿಂದಲೇ ಹೇಳಿದ. ಆ ವಿನಯ ನನ್ನನ್ನು ಬಹಳ ದಿನ ಬಾಧಿಸಿತು.

ಹೊಲದಿಂದ ಹುಡುಗಿಯ ತಂದೆ ಬಂದರು. ಪರಿಚಯವಾದ ಮೇಲೆ ಅವರೂ ಅದೇ ಪ್ರಶ್ನೆ ತಂದರು. “ಗುರುಗಳೇ, ನೀವೇ ಹೇಳಿ. ಓದೋದರಲ್ಲೂ ಚುರುಕಾಗಿದ್ದಾಳೆ. ಇದು ಹಿಡಿದು ಕೂತರೆ ಮುಂದೆ ಏನು ಗತಿ?”

ಈ ಸಲ ನಾನು ಅವಸರ ಪಡಲಿಲ್ಲ. ತಿಳಿದಷ್ಟನ್ನು ಹೇಳಿದೆ. ಮೈಸೂರಿನಲ್ಲಿ 1982ರಲ್ಲಿ ಆರಂಭವಾದ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ಎರಡರಲ್ಲೂ ದೃಶ್ಯಕಲೆಯಲ್ಲಿ ಪದವಿ ಪಡೆಯಬಹುದು. 1961ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ನಾಲ್ಕು ವರ್ಷದ ಪದವಿಯುಂಟು. ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಅದರ ಪ್ರವೇಶ ಪರೀಕ್ಷೆ ಬರೆಯಬಹುದು, ಆದರೆ ಸ್ಪರ್ಧೆ ಬಹಳ. ವಾಸ್ತುಶಿಲ್ಪ ಐದು ವರ್ಷದ್ದು. ಅದಕ್ಕೆ ಪಿಯುಸಿಯಲ್ಲಿ ಗಣಿತ ಬೇಕೇ ಬೇಕು. ಆದ್ದರಿಂದ ಗಣಿತವನ್ನೂ ಬಿಡಿಸಬೇಡಿ, ಚಿತ್ರವನ್ನೂ ಬಿಡಿಸಬೇಡಿ ಎಂದೆ. ನೌಕರಿ ಖಚಿತವೆಂದು ನಾನು ಹೇಳಲಿಲ್ಲ. ಅದನ್ನು ಹೇಳುವ ಹಕ್ಕು ನನಗಿಲ್ಲ. ಖರ್ಚಿನ ಮಾತು ಬಂದಾಗ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅವರು ತಲೆಯ ಟವಲು ತೆಗೆದು ಮುಖ ಒರೆಸಿಕೊಂಡರು. “ಈ ಪರೀಕ್ಷೆಯೊಂದು ಕಟ್ಟಿಸ್ತೀನಿ, ಆಮೇಲೆ ನೋಡೋಣ” ಎಂದರು.

ಹುಡುಗಿ ಇದನ್ನೆಲ್ಲ ಕೇಳುತ್ತಿದ್ದಳೋ ಇಲ್ಲವೋ ತಿಳಿಯದು. ಅವಳ ಕಣ್ಣು ಚೊಂಬಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ಪೆನ್ಸಿಲು ಕೆಳಗಿಟ್ಟು, “ನೆರಳು ಜರುಗಿಬಿಡ್ತು. ಇನ್ನು ನಾಳೆ ಇದೇ ಹೊತ್ತಿಗೆ” ಎಂದು ಹಾಳೆ ಮಡಿಸದೆ ರಟ್ಟಿನ ಸಮೇತ ಒಳಗೆ ತೆಗೆದುಕೊಂಡು ಹೋದಳು. ಊಟಕ್ಕೆ ಕರೆ ಬಂತು. ಅಜ್ಜಿ ಬದನೆಕಾಯಿಗಳನ್ನು ಮೊರಕ್ಕೆ ಹಾಕಿಕೊಂಡು, ಅದೇ ಚೊಂಬಿನ ತುಂಬ ನೀರು ತಂದು ನನ್ನ ಕೈಗೆ ಕೊಟ್ಟರು.