ಪ್ರಾಗ್‌ನಲ್ಲಿ ಕುಡಿದ ಕಷಾಯ

ಪ್ರಾಗ್ ನಗರದ ಕೋಟೆ, ಸೇತುವೆ, ಗಡಿಯಾರಗಳನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಅಲ್ಲಿ ಕುಡಿದ ಒಂದು ಲೋಟ ಪಾನಕದ ಸಂಗತಿ.

ತಂಗಿಯ ಸಂಸಾರ ಆ ಊರಿನಲ್ಲಿದೆ. ಕಳೆದ ಬೇಸಗೆಯಲ್ಲಿ ಹೋಗಿದ್ದಾಗ ನನ್ನನ್ನು ಊಟಕ್ಕೆಂದು ಒಂದು ಹೋಟಲಿಗೆ ಕರೆದೊಯ್ದಳು. ಮಾಣಿ ಅರ್ಧ ಲೀಟರು ಹಿಡಿಯುವ ಗಾಜಿನ ಲೋಟವನ್ನು ನನ್ನ ಮುಂದೆ ಕುಕ್ಕಿ ಹೋದ. ಕಪ್ಪು ಬಣ್ಣ, ಮೇಲೆ ನೊರೆ!

“ಇದೆಲ್ಲ ನಮಗೆ ಬೇಡವಮ್ಮ” ಎಂದೆ.

“ಬಿಯರಲ್ಲ ಅಣ್ಣ, ಕೋಫೋಲಾ. ಇದನ್ನೂ ಇಲ್ಲಿ ಪೀಪಾಯಿಯಿಂದಲೇ ಹಿಡಿದು ಕೊಡುತ್ತಾರೆ” ಎಂದು ನಕ್ಕಳು.

ಧೈರ್ಯ ಮಾಡಿ ಗುಟುಕರಿಸಿದೆ. ಕೋಕಾ-ಕೋಲಾದಷ್ಟು ಸಿಹಿಯಿಲ್ಲ, ಜ್ಯೇಷ್ಠಮಧುವಿನ ಘಾಟು. ಅಜ್ಜಿಯ ಕಷಾಯಕ್ಕೆ ಸೋಡಾ ಬೆರೆಸಿದ್ದರೆ ಹೀಗೆಯೇ ಇದ್ದೀತು.

ಕಮ್ಯುನಿಸ್ಟ್ ಆಡಳಿತದ ಚೆಕೊಸ್ಲೊವಾಕಿಯದಲ್ಲಿ ಪಶ್ಚಿಮದ ಕೋಲಾ ಸುಲಭವಾಗಿ ಸಿಗುತ್ತಿರಲಿಲ್ಲ. ಅತ್ತ ಕಾಫಿ ಹುರಿಯುವಾಗ ಉಳಿಯುವ ಕೆಫೀನನ್ನು ಏನು ಮಾಡುವುದೆಂಬ ಯೋಚನೆ. ಪ್ರಾಗ್‌ನ ಔಷಧಿಸಸ್ಯ ಸಂಶೋಧನ ಸಂಸ್ಥೆಯವರು 14 ಬಗೆಯ ಮೂಲಿಕೆ, ಹಣ್ಣುಗಳ ಸಾರ ಸೇರಿಸಿ ‘ಕೋಫೋ’ ಎಂಬ ಪಾಕ ಸಿದ್ಧಪಡಿಸಿದರು. 1960ರಲ್ಲಿ ಕೋಫೋಲಾ ಅಂಗಡಿಗೆ ಬಂತು. 1989ರಲ್ಲಿ ಆ ಆಡಳಿತ ಬಿದ್ದು, ವಿದೇಶೀ ಸೀಸೆಗಳು ನುಗ್ಗಿದ ಮೇಲೆ ಅದರ ಕಥೆ ಮುಗಿದಂತೆಯೇ ಆಗಿತ್ತು. ಕೈಹಿಡಿದೆತ್ತಿದ್ದು ಕ್ರ್ನೋವ್ ಎಂಬ ಸಣ್ಣ ಊರಿನಲ್ಲಿ ಪಾನೀಯದ ಕಾರ್ಖಾನೆ ನಡೆಸುತ್ತಿದ್ದ ಸಮರಾಸ್ ಕುಟುಂಬ. 2002ರಲ್ಲಿ ಆ ಹೆಸರನ್ನೇ ಕೊಂಡುಕೊಂಡರು. ಇವರಾದರೋ ಗ್ರೀಸಿನಿಂದ ವಲಸೆ ಬಂದು ನೆಲೆಸಿದವರು! ಪರಸ್ಥಳದಲ್ಲಿ ಬಾಳುವ ನಮಗೆ ಈ ಸಂಗತಿ ಪಾನೀಯಕ್ಕಿಂತ ಹೆಚ್ಚು ರುಚಿಸೀತು. ಅಲ್ಲೇ ಹುಟ್ಟಿದ ತಂಗಿಯ ಮಗಳೂ ‘ನಮ್ಮ ಕೋಫೋಲಾ’ ಎಂದೇ ಅನ್ನುತ್ತಾಳೆ.

ದೆಹಲಿಗೆ ಮರಳುವಾಗ ಒಂದು ಸೀಸೆ ತಂದಿದ್ದೆ. ಕಥೆ ಕೇಳಿದ ನಮ್ಮ ತಂದೆಯವರು, “ನಮ್ಮದೂ ಒಂದಿತ್ತಲ್ಲ, ಡಬಲ್ ಸೆವೆನ್!” ಎಂದರು. 1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟಾಗ ಸರ್ಕಾರವೇ ತಂದ ಪಾನೀಯ ಅದು. ಪಾಕದ ಸೂತ್ರ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯದು. ದೆಹಲಿಗೆ ಹೊಸದಾಗಿ ಬಂದಿದ್ದ ತಂದೆಯವರು ಮೈಸೂರಿನದೆಂಬ ಒಂದೇ ಕಾರಣಕ್ಕೆ ವಾರಕ್ಕೊಂದು ಸೀಸೆ ಕುಡಿಯುತ್ತಿದ್ದರಂತೆ. ರುಚಿ ಹೇಗಿತ್ತೆಂದರೆ ಮಾತ್ರ ಉತ್ತರವಿಲ್ಲ. ಕೆಲವೇ ವರುಷಗಳಲ್ಲಿ ಅದು ಮಾಯವಾಯಿತು. ಎತ್ತಿ ನಿಲ್ಲಿಸಲು ಯಾವ ಸಮರಾಸನೂ ಬರಲಿಲ್ಲ.

ತಂದೆಯವರು ಕೋಫೋಲಾವನ್ನು ಕೊನೆಯ ಹನಿಯವರೆಗೂ ಕುಡಿದರು. ಖಾಲಿ ಸೀಸೆಯನ್ನು ಎಸೆಯಗೊಡಲಿಲ್ಲ. ಈಗ ಅದರಲ್ಲಿ ಕೊಡಗಿನ ಜೇನು ತುಂಬಿಟ್ಟಿದ್ದಾರೆ.